ಕಲಬುರಗಿಯ ಬಿಸಿಲಲ್ಲಿ ಹಿರಿಯರಿಗೊಂದು ಮನೆ

ಪೋಷಕರು ಮತ್ತು ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆ, ಜಿಲ್ಲೆಗೆ ಒಂದಾದರೂ ವೃದ್ಧಾಶ್ರಮ ತೆರೆಯುವ ಮಾತಾಡುತ್ತದೆ. ಅದರಲ್ಲಿ ಕನಿಷ್ಠ 150 ಬಡ ಹಿರಿಯರಿಗೆ ಜಾಗ ಇರಬೇಕು. ಸರಿ, ಕಲಬುರಗಿಯಲ್ಲಿ ಅಂಥದ್ದೊಂದು ಕಟ್ಟಬೇಕು ಅಂತಿಟ್ಟುಕೊಳ್ಳಿ. ದುಡ್ಡು ಕಡಿಮೆ. ಎಸಿ ಹಾಕಿದರೆ ಕರೆಂಟ್ ಬಿಲ್ ಕಟ್ಟುವವರಿಲ್ಲ. ಎಲ್ಲಿಂದ ಶುರು ಮಾಡಬೇಕು? ನನ್ನ ಪ್ರಕಾರ, ಚಾವಣಿಯಿಂದ.

ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಚಾವಣಿ ಹಗಲೆಲ್ಲ ಕಾದು, ಸಂಜೆಯಿಂದ ಆ ಬಿಸಿಯನ್ನು ಕೆಳಗೆ ಮಲಗಿದವರ ಮೇಲೆ ಬಿಡುತ್ತಾ ಹೋಗುತ್ತದೆ. ಹರೆಯದವರು ಹೇಗೋ ತಡೆದುಕೊಳ್ಳುತ್ತಾರೆ. ವಯಸ್ಸಾದ ಮೈಗೆ ಅದು ಕಷ್ಟ. ಬೆವರುವುದು ಕಡಿಮೆಯಾಗಿರುತ್ತದೆ. ಬಿಸಿಯನ್ನು ಹೊರಗೆ ಹಾಕಲು ಚರ್ಮದ ಕಡೆಗೆ ಹರಿಯಬೇಕಾದ ರಕ್ತವೂ ಮೊದಲಿನಷ್ಟು ಹರಿಯುವುದಿಲ್ಲ. ನೀರು ಬೇಕಾದರೂ ಬಾಯಾರಿಕೆ ಗೊತ್ತಾಗುವುದು ತಡ. ಗಾಳಿಯೇ ಮೈಗಿಂತ ಬಿಸಿಯಾದ ಮೇಲೆ ಬರೀ ಫ್ಯಾನ್ ತಿರುಗಿಸಿ ಏನು ಪ್ರಯೋಜನ? ಬೆವರಿದ್ದರೆ ತಾನೇ ಅದು ಆರಿ ಮೈ ತಣಿಯುವುದು!

ಆ ಸೀಮೆಯ ಹಳಬರು ಇದಕ್ಕೆ ದಪ್ಪ ಮಣ್ಣಿನ ಮಾಳಿಗೆ ಹಾಕುತ್ತಿದ್ದರು. ಬಿಸಿ ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊರಗೆ ಹೊತ್ತು ಮುಳುಗಿರುತ್ತಿತ್ತು. ಈಗ ಮಾಳಿಗೆ ನೋಡಿಕೊಳ್ಳುವ ಕೈಗಳಿಲ್ಲ, ಮಳೆಗಾಲದ ಸೋರಿಕೆಯ ಕಾಟ ಬೇರೆ. ಹಾಗಾಗಿ ಆರ್‌ಸಿಸಿಯೇ ಇರಲಿ, ಆದರೆ ಅದರ ಮೇಲೆ ಬಿಸಿ ತಡೆಯುವ ಒಂದು ಪದರ ಬೇಕು, ಅದರ ಮೇಲೆ ಬಿಳಿ ಬಳಿಯಬೇಕು. ಪದರ ಚಾವಣಿಯ ಹೊರಮೈಗೇ ಬೇಕು, ಒಳಗಲ್ಲ. ಆಗ ಬಿಸಿ ಚಾವಣಿಗೇ ಹೆಚ್ಚು ಇಳಿಯುವುದಿಲ್ಲ. ರಾತ್ರಿ ಎತ್ತರದ ಗವಾಕ್ಷಿಗಳನ್ನು ತೆರೆದಿಟ್ಟರೆ ತಣ್ಣನೆ ಗಾಳಿ ಗೋಡೆಗಳನ್ನೂ ತಣಿಸುತ್ತದೆ. ಪಶ್ಚಿಮದ ಗೋಡೆಗೆ ಮಾತ್ರ ನೆರಳು ಬೇಕೇ ಬೇಕು.

ಗೋಡೆ ಯಾವುದರದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಶುರು ಮಾಡಿದ 'ಅಸ್ತ್ರ' ತಂಡ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿತು. ಭಟ್ಟಿಯಲ್ಲಿ ಸುಡುವ ಕೆಲಸವೇ ಇಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಹೆಚ್ಚುಕಡಿಮೆ ಕಾಲು ಭಾಗದಲ್ಲಿ ಗೋಡೆ ಏಳುತ್ತದೆ. ಪರಿಸರದ ಮಾತು ಬಂದಾಗಲೆಲ್ಲ ಎಲ್ಲರೂ ಇದನ್ನೇ ಹೇಳುತ್ತಾರೆ. ಆದರೆ ಕಲಬುರಗಿಯದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಈ ಇಟ್ಟಿಗೆಗೆ ಬೇಕಾದದ್ದು ಮರಳು ಬೆರೆತ ಕೆಂಪುಮಣ್ಣು. ಅದನ್ನು ಲಾರಿಯಲ್ಲಿ ದೂರದಿಂದ ತಂದರೆ ಉಳಿಸಿದ್ದೆಲ್ಲ ಡೀಸೆಲ್‌ಗೆ ಹೋಯಿತು. ಮಗ್ಗುಲಲ್ಲೇ ಶಹಾಬಾದ್ ಇದೆ ಅಲ್ವಾ, ಗೋಡೆಗೂ ನೆಲಕ್ಕೂ ಅಲ್ಲಿನ ಕಲ್ಲೇ ಸಾಕು. ಬಚ್ಚಲಿಗೆ ಮಾತ್ರ ಪಾಲಿಶ್ ಮಾಡದ ಒರಟು ಕಲ್ಲು. ಪಾಲಿಶ್ ಮಾಡಿದ್ದು ನೀರು ಬಿದ್ದರೆ ಜಾರುತ್ತದೆ. ಎರೆಮಣ್ಣಿನ ಮೇಲೆ ಪಾಯ ಸರಿಯಾಗಿ ಹಾಕದಿದ್ದರೆ ನೆಲವೂ ಅಲ್ಲಲ್ಲಿ ಏಳುತ್ತದೆ. ಅರ್ಧ ಇಂಚು ಎದ್ದ ಕಲ್ಲಿನ ಅಂಚು ಒಂದು ಸೊಂಟ ಮುರಿಯಲು ಸಾಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಜನ ಬಿದ್ದು ಸಾಯುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ವಯಸ್ಸಾದವರೇ ಜಾಸ್ತಿ.

ಬೀಳುವುದಕ್ಕೆ ಕಾಲಷ್ಟೇ ಅಲ್ಲ, ಕಣ್ಣೂ ಕಾರಣ. ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಯಾಗುತ್ತದೆ, ಪಾಪೆ ಕಿರಿದಾಗುತ್ತದೆ. ಇಪ್ಪತ್ತರ ಕಣ್ಣಿನ ಒಳಪರದೆಗೆ ಬೀಳುವ ಬೆಳಕಿನ ಮೂರನೇ ಒಂದು ಪಾಲು ಮಾತ್ರ ಅರವತ್ತರಲ್ಲಿ ಬೀಳುತ್ತದೆ. ಬೂದು ನೆಲದಲ್ಲಿ ಬೂದು ಮೆಟ್ಟಿಲು ಕಾಣುವುದೇ ಇಲ್ಲ. ಹೊಸ್ತಿಲಿಗೆ ಅರಿಸಿನ ಬಳಿಯುವ ನಮ್ಮ ರೂಢಿ ಈ ಲೆಕ್ಕದಲ್ಲಿ ಒಳ್ಳೆಯದೇ. ಆದರೆ ಇಲ್ಲಿ ಹೊಸ್ತಿಲೇ ಬೇಡ. ಪೂಜೆಗೆ ಹೆಬ್ಬಾಗಿಲಲ್ಲಿ ನೆಲದ ಮಟ್ಟಕ್ಕೇ ಒಂದು ಪಟ್ಟಿ ಕೂರಿಸಿದರಾಯಿತು.

ಇನ್ನು ಕೆಲವಕ್ಕೆ ಖರ್ಚೇ ಇಲ್ಲ ಅನ್ನಬಹುದು, ನಕ್ಷೆ ಬರೆಯುವಾಗಲೇ ನೆನಪಾದರೆ. ಗಾಲಿಕುರ್ಚಿಯ ಇಳಿಜಾರು ಒಂದು ಅಡಿ ಏರಲು ಹನ್ನೆರಡು ಅಡಿ ಓಡಬೇಕು. 45 ಸೆಂಟಿಮೀಟರ್ ಎತ್ತರದ ಕಟ್ಟೆಗೆ 5.4 ಮೀಟರ್ ಆಯಿತು. ಕಟ್ಟಿದ ಮೇಲೆ ಆ ಜಾಗ ಹುಡುಕುವುದು ಎಲ್ಲಿ? ಹಿಡಿಕಂಬಿ ಬರುವ ಕಡೆ ಗೋಡೆ ಗಟ್ಟಿ ಇರಲಿ, ಟೊಳ್ಳು ಬ್ಲಾಕಿನಲ್ಲಿ ಬೋಲ್ಟ್ ನಿಲ್ಲುವುದಿಲ್ಲ. ಬಚ್ಚಲ ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಬಿಡಿಸಲು ಬಂದವರು ಹೊರಗೇ ನಿಲ್ಲಬೇಕಾಗುತ್ತದೆ.

ಇನ್ನು, ಊರಾಚೆ ಜಮೀನು ಅಗ್ಗ ಅಂತ ಅಲ್ಲಿಗೆ ಹೋಗುವುದು. ಇದನ್ನು ನಾನು ಒಪ್ಪುವುದಿಲ್ಲ. ಲಂಡನ್ನಿನ ಬರ್ಮಂಡ್ಸೆಯಲ್ಲಿ ಒಂದು ದತ್ತಿ ಸಂಸ್ಥೆ 65 ದಾಟಿದವರಿಗೆ ಕಟ್ಟಿಸಿದ ಆಪಲ್‌ಬಿ ಬ್ಲೂ ಇರುವುದು ಬಸ್ಸು ಓಡಾಡುವ ಬೀದಿಯಲ್ಲೇ. 59 ಮನೆಗಳು, ನಡುವೆ ಅಂಗಳ, ಅಂಗಳದ ಸುತ್ತ ಗಾಜಿನ ಅಗಲ ಮೊಗಸಾಲೆ, ಅಲ್ಲಿ ಕೂರಲು ಬೆಂಚುಗಳು. 2025ರಲ್ಲಿ, ಒಳ್ಳೆಯ ಕಟ್ಟಡಕ್ಕೆ ಕೊಡುವ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿ ಇದಕ್ಕೇ ಬಂತು. ನಮ್ಮ ಜಗುಲಿಯೂ ಇದೇ ಕೆಲಸ ಮಾಡುತ್ತಿತ್ತು. ಹೋಗಿ ಬರುವವರನ್ನು ಮಾತಾಡಿಸಲು ಯಾರೂ ಕರೆಯಬೇಕಿರಲಿಲ್ಲ. 150 ಜನರನ್ನು ಒಂದೇ ಹಾಲಿನಲ್ಲಿ ಸಾಲಾಗಿ ಮಲಗಿಸುವ ಬದಲು, ಹತ್ತು ಹನ್ನೆರಡು ಜನರಿಗೊಂದು ಅಂಗಳ, ಒಬ್ಬೊಬ್ಬರಿಗೂ ಸ್ವಂತ ಬಾಗಿಲು, ಬೀದಿ ಕಡೆಗೊಂದು ಜಗುಲಿ ಸಾಕು.

ಇಂಥ ಮನೆಗಳಲ್ಲಿ ಬ್ರಿಟನ್ನಿನವರದು ಇನ್ನೊಂದು ರೂಢಿಯಿದೆ. ಬಚ್ಚಲಲ್ಲಿ ಕರೆಗಂಟೆಯ ದಾರ ಹೆಚ್ಚುಕಡಿಮೆ ನೆಲ ಮುಟ್ಟುವವರೆಗೆ ಇಳಿಬಿಟ್ಟಿರುತ್ತಾರೆ, ಬಿದ್ದವರಿಗೂ ಸಿಗಲಿ ಅಂತ. ನೆಲ ಒರೆಸುವಾಗ ಅಡ್ಡ ಬರುತ್ತದೆಂದು ಅದನ್ನು ಮೇಲಕ್ಕೆ ಕಟ್ಟಿಬಿಡುತ್ತಾರೆ ಎಂಬ ದೂರು ಅಲ್ಲೂ ಇದೆ. ಕಲಬುರಗಿಯಲ್ಲಿ ಮನೆ ಕಟ್ಟುವವರು ನೆಲ ಒರೆಸುವವರಿಗೂ ಇದನ್ನು ಮೊದಲೇ ಹೇಳಿಟ್ಟಿರಬೇಕು.