ಮಿಲ್ಲಿಂಗ್ ಮಷೀನಿಗೆ ಹಳೇ ಲ್ಯಾಪ್‌ಟಾಪ್ ಸಾಕಾ?

ಪ್ರಶ್ನೆ: ನಮಸ್ಕಾರ್ರಿ ಸರ್, ನಾನು ಬೀದರ್‌ನವನು. ಮನೆ ಹಿಂದಿನ ಶೆಡ್ಡಿನಲ್ಲಿರುವ ಸಣ್ಣ ಮಿಲ್ಲಿಂಗ್ ಮಷೀನಿನ ಮೂರೂ ಆಕ್ಸಿಸ್‌ಗೆ ಸ್ಟೆಪ್ಪರ್ ಮೋಟಾರ್ ಹಾಕಿದ್ದೇನೆ. ತಂಗಿ ಕಾಲೇಜಿಗೆ ಒಯ್ಯುತ್ತಿದ್ದ ಲ್ಯಾಪ್‌ಟಾಪ್ ಸುಮ್ನೆ ಬಿದ್ದಿದೆ, ಐ5, 8 ಜಿಬಿ ರ‍್ಯಾಮ್. ಅದಕ್ಕೆ ಲಿನಕ್ಸ್‌ಸಿಎನ್‌ಸಿ (ಮಷೀನ್ ನಡೆಸುವ ಸಾಫ್ಟ್‌ವೇರ್) ಹಾಕಿ ಓಡಿಸಬಹುದಾ? ಇಲ್ಲಾ ಹೊಸ ಕಂಪ್ಯೂಟರೇ ತಗೋಬೇಕಾ?

ಉತ್ತರ: ಹೊಸದೂ ಬೇಡ, ಲ್ಯಾಪ್‌ಟಾಪೂ ಬೇಡ. ಡಿಸೈನ್ ಮಾಡೋಕೆ ಲ್ಯಾಪ್‌ಟಾಪ್ ಇಟ್ಕೊಳ್ಳಿ. ಮಷೀನ್ ಪಕ್ಕಕ್ಕೆ ಯಾವುದೋ ಆಫೀಸಿನಿಂದ ಹೊರಬಿದ್ದ ಹಳೇ ಡೆಸ್ಕ್‌ಟಾಪ್ ತನ್ನಿ.

ಒಂದು ಸಣ್ಣ ಲೆಕ್ಕ ನೋಡಿ. ಸಾಮಾನ್ಯ ಸ್ಟೆಪ್ಪರ್ ಮೋಟಾರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟಾರ್ ನಡೆಸುವ ಡ್ರೈವರ್ ಬೋರ್ಡಿನಲ್ಲಿ 8 ಮೈಕ್ರೋಸ್ಟೆಪ್ ಇಟ್ಟರೆ, ಅಂದರೆ ಒಂದು ಹೆಜ್ಜೆಯನ್ನು ಎಂಟು ಭಾಗ ಮಾಡಿದರೆ, ಸುತ್ತಿಗೆ 1600 ಪಲ್ಸ್ (ಕಂಪ್ಯೂಟರ್ ಕಳಿಸುವ ಸಂಕೇತ) ಬೇಕು. ಮೋಟಾರ್ ತಿರುಗಿಸುವ ಬಾಲ್ ಸ್ಕ್ರೂ 5 ಎಂಎಂ ಪಿಚ್‌ನದಾದರೆ, ಅಂದರೆ ಸುತ್ತಿಗೆ 5 ಎಂಎಂ ಸರಿಸಿದರೆ, ಒಂದು ಎಂಎಂ ಸರಿಯಲು 320 ಪಲ್ಸ್. ನಿಮಿಷಕ್ಕೆ 1500 ಎಂಎಂ ಓಡಿಸಿದರೆ ಸೆಕೆಂಡಿಗೆ 8,000 ಪಲ್ಸ್, ಅಂದರೆ 125 ಮೈಕ್ರೋಸೆಕೆಂಡಿಗೆ ಒಂದು. ನಿಮ್ಮ ಐ5ಗೆ ಇದು ಯಾವ ಲೆಕ್ಕ? ಆದರೆ ಪ್ರತಿ ಪಲ್ಸೂ ಟೈಮಿಗೆ ಸರಿಯಾಗಿ ಬರಬೇಕು. ವೈಫೈ, ಬ್ಯಾಟರಿ, ಫ್ಯಾನ್ ಅಂತ ಕಂಪ್ಯೂಟರ್ ಒಂದು ಗಳಿಗೆ ಆಕಡೆ ತಿರುಗಿದರೂ ಓಡುತ್ತಿರುವ ಮೋಟಾರ್ ಮುಗ್ಗರಿಸುತ್ತದೆ. ಈ ತಡಕ್ಕೇ ಲೇಟೆನ್ಸಿ ಅನ್ನೋದು.

ನನ್ನದೂ ಶುರುವಾಗಿದ್ದು ಲ್ಯಾಪ್‌ಟಾಪಿನಿಂದಲೇ, ಹಿಂದೆ ಪ್ರಿಂಟರಿಗೆ ಅಂತ ಪ್ಯಾರಲಲ್ ಪೋರ್ಟ್ ಇರುತ್ತಿತ್ತಲ್ಲ, ಅಂಥದ್ದು. ಪಲ್ಸ್ ಹೊರಗೆ ಹೋಗುವುದು ಆ ಪೋರ್ಟಿನಿಂದಲೇ. ಕಲಬುರಗಿಯ ಒಂದು ದಾಲ್ ಮಿಲ್ಲಿನವರಿಗೆ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಆರು ತೂತು ಹಾಕಿಕೊಡಬೇಕಿತ್ತು. ನಾಲ್ಕು ಸರಿಯಾಗಿ ಬಿದ್ದವು. ಐದನೆಯದಕ್ಕೆ ಹೋಗುವಾಗ ಮೋಟಾರ್ ಒಮ್ಮೆ ಗುಂಯ್ ಅಂತು, ಅಷ್ಟೇ. ಉಳಿದೆರಡು ತೂತು 2 ಎಂಎಂ ಆಚೆ! ಸ್ಕ್ರೀನಿನಲ್ಲಿ ಮಾತ್ರ ಅಂಕಿ ಎಲ್ಲಾ ಸರಿಯಾಗೇ ಇತ್ತು, ಯಾಕಂದರೆ ಮೋಟಾರ್ ನಿಜಕ್ಕೂ ತಿರುಗಿತಾ ಅಂತ ಕಂಪ್ಯೂಟರಿಗೆ ಹೇಳುವವರು ಯಾರೂ ಇರಲ್ಲ. ಆಮೇಲೆ ಲಿನಕ್ಸ್‌ಸಿಎನ್‌ಸಿ ಜೊತೆಗೇ ಬರುವ, ಈ ತಡ ಅಳೆಯುವ ಲೇಟೆನ್ಸಿ ಟೆಸ್ಟ್ ಹಾಕಿ ಚಹಾ ಕುಡಿಯುತ್ತಾ ಕೂತೆ. ತುಂಬಾ ಹೊತ್ತು 12,000 ನ್ಯಾನೋಸೆಕೆಂಡ್ ದಾಟಲಿಲ್ಲ. ಫ್ಯಾನ್ ಜೋರಾಗಿದ್ದೇ ತಡ, ಎರಡು ಲಕ್ಷಕ್ಕೆ, ಅಂದರೆ 200 ಮೈಕ್ರೋಸೆಕೆಂಡಿಗೆ ಹಾರಿತು.

ಅದಕ್ಕೇ ಹೇಳೋದು, ಪ್ರೊಸೆಸರ್ ಹೆಸರು ಕೇಳಿ ಕೊಳ್ಳಬೇಡಿ, ಟೆಸ್ಟ್ ಮಾಡಿ ಕೊಳ್ಳಿ. ಲಿನಕ್ಸ್‌ಸಿಎನ್‌ಸಿಯ ಐಎಸ್‌ಒ ಫೈಲನ್ನು ಪೆನ್ ಡ್ರೈವಿಗೆ ಹಾಕಿದರೆ ಇನ್‌ಸ್ಟಾಲ್ ಮಾಡದೆಯೇ ಬೂಟ್ ಆಗುತ್ತದೆ. ನಿಮಗೆ ಹೈದರಾಬಾದ್ ಹತ್ತಿರ, ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿಗೆ ಹೋದರೆ ಪೆನ್ ಡ್ರೈವ್ ಜೇಬಿನಲ್ಲಿರಲಿ. ಟೆಸ್ಟ್ ಓಡುತ್ತಿರುವಾಗ ವಿಂಡೋಗಳನ್ನು ಎಳೆದಾಡಿ, ಫೈಲ್ ಕಾಪಿ ಮಾಡಿ, ಅರ್ಧ ಗಂಟೆಯಾದರೂ ಬಿಡಿ. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ. ಅತಿ ಹೆಚ್ಚು ಬಂದ ಅಂಕಿ 20,000ದ ಒಳಗಿದ್ದರೆ ಕಣ್ಮುಚ್ಚಿ ತಗೊಳ್ಳಿ. 50,000 ತನಕ ಇದ್ದರೂ ನಡೆಯುತ್ತದೆ, ವೇಗ ಸ್ವಲ್ಪ ಕಮ್ಮಿ ಇಟ್ಟುಕೊಳ್ಳಬೇಕು ಅಷ್ಟೇ. ಒಂದು ಲಕ್ಷ ದಾಟಿದರೆ ವಾಪಸ್ ಕೊಟ್ಟು ಬನ್ನಿ. ಆದರೆ ಅದಕ್ಕೂ ಮೊದಲು ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಹೋಗಿ ಹೈಪರ್‌ಥ್ರೆಡಿಂಗ್, ಸಿ-ಸ್ಟೇಟ್, ಪವರ್ ಉಳಿಸೋ ಆಯ್ಕೆಗಳನ್ನೆಲ್ಲ ಆಫ್ ಮಾಡಿ ಇನ್ನೊಮ್ಮೆ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಅಂಕಿ ಅರ್ಧಕ್ಕೆ ಇಳಿಯುತ್ತದೆ. 4 ಜಿಬಿ ರ‍್ಯಾಮ್, ಸಣ್ಣ ಎಸ್‌ಎಸ್‌ಡಿ, ಬೋರ್ಡಿನಲ್ಲೇ ಇರುವ ಗ್ರಾಫಿಕ್ಸ್ ಸಾಕು.

ಪ್ಯಾರಲಲ್ ಪೋರ್ಟ್ ಬೋರ್ಡಿನಲ್ಲಿ ಇಲ್ಲದಿದ್ದರೆ ಪಿಸಿಐ ಕಾರ್ಡ್ ಹಾಕಬಹುದು. ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ಕೇಬಲ್ ಮಾತ್ರ ಬೇಡ, ಅದು ಪ್ರಿಂಟರಿಗೆ ಮಾಡಿದ್ದು. ದುಡ್ಡು ಸ್ವಲ್ಪ ಜಾಸ್ತಿ ಇದ್ದರೆ ಮೆಸಾ ಕಂಪನಿಯ ಈಥರ್‌ನೆಟ್ ಬೋರ್ಡ್ ತರಿಸಿ. ಪಲ್ಸ್‌ಗಳನ್ನು ಆ ಬೋರ್ಡೇ ಹುಟ್ಟಿಸುತ್ತದೆ, ಕಂಪ್ಯೂಟರ್ ಒಂದು ಮಿಲಿಸೆಕೆಂಡಿಗೊಮ್ಮೆ ಮಾತಾಡಿಸಿದರೆ ಸಾಕು. ನಾನೀಗ ಬಳಸುತ್ತಿರುವುದು ಇದನ್ನೇ.

ಇಲ್ಲ ಸರ್, ಲ್ಯಾಪ್‌ಟಾಪೇ ಬೇಕು ಅಂದರೆ ದಾರಿ ಇದೆ, ಆದರೆ ಆಗ ಲಿನಕ್ಸ್‌ಸಿಎನ್‌ಸಿ ಬಿಡಬೇಕು. ಆರ್ಡುಯಿನೋ ಊನೋ ಅನ್ನೋ ಸಣ್ಣ ಬೋರ್ಡಿಗೆ ಜಿಆರ್‌ಬಿಎಲ್ ಅನ್ನೋ ಮಷೀನ್ ಕಂಟ್ರೋಲ್ ಪ್ರೋಗ್ರಾಮ್ ಹಾಕಿದರೆ ಅದು ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡುತ್ತದೆ, ಲ್ಯಾಪ್‌ಟಾಪ್ ಯುಎಸ್‌ಬಿಯಲ್ಲಿ ಜಿ-ಕೋಡ್ (ಟೂಲ್ ಎಲ್ಲಿಗೆ ಹೋಗಬೇಕು ಅನ್ನೋ ಆದೇಶಗಳು) ಕಳಿಸುತ್ತಾ ಇದ್ದರೆ ಆಯ್ತು. ಮರದ ಕೆತ್ತನೆಗೆ ಚೆನ್ನಾಗಿದೆ. ಸ್ಪಿಂಡಲ್ ಶುರುವಾದಾಗ ಯುಎಸ್‌ಬಿ ಕಟ್ ಆಗೋ ಕಾಟ ಕೆಲವರಿಗೆ ಇದೆ, ಕೇಬಲ್ ಗಿಡ್ಡ ಇರಲಿ, ಮೋಟಾರ್ ವೈರಿನಿಂದ ದೂರ ಇರಲಿ.

ನಮ್ಮ ಕಡೆ ಬೇಸಿಗೆಯಲ್ಲಿ ತಗಡಿನ ಶೆಡ್ ಹೇಗಿರುತ್ತದೆ ಅಂತ ಹೇಳೋದೇ ಬೇಡ ಅಲ್ವಾ. ಗಾಳಿಯಾಡಲಿ ಅಂತ ಕಂಪ್ಯೂಟರಿನ ಬಾಗಿಲು ತೆಗೆದಿಡಬೇಡಿ. ಅಲ್ಯೂಮಿನಿಯಂ ಚೂರು ಒಂದು ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಫಿಲ್ಟರ್ ಇರುವ ಪೆಟ್ಟಿಗೆಯಲ್ಲಿಡಿ, ಇಲ್ಲವೇ ಗೋಡೆಯ ಆಚೆ ಇಟ್ಟು ಕೇಬಲ್ ಮಾತ್ರ ಒಳಗೆ ತನ್ನಿ.

ಇನ್ನು ಕರೆಂಟು. ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಹಾಕಿ ನಿಶ್ಚಿಂತೆಯಿಂದ ಇರಬೇಡಿ. ಕರೆಂಟ್ ಹೋದರೆ ಮೋಟಾರ್ ನಿಲ್ಲುತ್ತದೆ, ಕಂಪ್ಯೂಟರ್ ಮಾತ್ರ ಪ್ರೋಗ್ರಾಮ್ ಓಡಿಸುತ್ತಲೇ ಇರುತ್ತದೆ. ಹತ್ತು ಸೆಕೆಂಡಿಗೆ ಕರೆಂಟ್ ಬಂತು ಅನ್ನಿ, ಟೂಲ್ ತಪ್ಪು ಜಾಗದಿಂದ ಹೊರಟು ಸೀದಾ ವೈಸ್‌ಗೆ ನುಗ್ಗುತ್ತದೆ. ಮೋಟಾರ್ ಡ್ರೈವರಿನ ಲೈನಿಗೇ ಒಂದು 230 ವೋಲ್ಟ್ ರಿಲೇ ಹಾಕಿ, ಅದರ ಕಾಂಟ್ಯಾಕ್ಟನ್ನು ಇ-ಸ್ಟಾಪ್ (ತುರ್ತು ನಿಲುಗಡೆ) ಇನ್‌ಪುಟ್ಟಿಗೆ ಕೊಡಿ. ಆಗ ಕರೆಂಟ್ ಹೋದ ಕೂಡಲೇ ಪ್ರೋಗ್ರಾಮೂ ನಿಲ್ಲುತ್ತದೆ. ಬಂದ ಮೇಲೆ ಮತ್ತೆ ಹೋಮ್ ಮಾಡಿಕೊಂಡೇ, ಅಂದರೆ ಮಷೀನನ್ನು ಮೂಲ ಜಾಗಕ್ಕೆ ತಂದೇ ಶುರು ಮಾಡಿ.