ಪದ ಪರಿಚಯ: ನ್ಯೂರೋಮಾನಿಟರಿಂಗ್

ಕಣ್ಣು ಅದುರಿದರೆ ಶಿರಸಿ, ಕುಮಟಾ ಕಡೆ ಮೊದಲು ಕೇಳುವುದು ‘ಎಡವೋ, ಬಲವೋ?’ ಎಂದು. ಗಂಡಸಿಗೆ ಬಲ ಒಳ್ಳೆಯದು, ಹೆಂಗಸಿಗೆ ಎಡ. ನಾಲ್ಕು ದಿನದಲ್ಲಿ ನಿಲ್ಲುವ ಅದುರಿಗೆ ಈ ಲೆಕ್ಕ ಸಾಕು. ಆದರೆ ರೆಪ್ಪೆಯಲ್ಲಿ ಶುರುವಾದ ಸೆಳೆತ ತಿಂಗಳಾದರೂ ಬಿಡದೆ ಕೆನ್ನೆಗಿಳಿದು, ಅದೇ ಬದಿಯ ಬಾಯಿಯ ಅಂಚನ್ನೂ ಎಳೆಯತೊಡಗಿದರೆ ಅದು ಹೆಮಿಫೇಶಿಯಲ್ ಸ್ಪಾಸಂ, ಅಂದರೆ ಮುಖದ ಒಂದೇ ಬದಿಯ ಸ್ನಾಯು ಸೆಳೆತದ ಕಾಯಿಲೆ ಇರಬಹುದು. ಸಂತೆಯಲ್ಲಿ ಎದುರಿನವರು ‘ಕಣ್ಣು ಹೊಡೆದ’ ಎಂದುಕೊಳ್ಳುವ ಮುಜುಗರ ಬೇರೆ.

ಮುಖದ ಸ್ನಾಯುಗಳನ್ನು ಆಡಿಸುವ ಏಳನೇ ನರ ಮಿದುಳಕಾಂಡದಿಂದ ಹೊರಬೀಳುವಲ್ಲಿ ರಕ್ತನಾಳವೊಂದು ಒತ್ತುವುದೇ ಇದಕ್ಕೆ ಸಾಮಾನ್ಯ ಕಾರಣ. ಬೊಟಾಕ್ಸ್ ಚುಚ್ಚಿಸಿಕೊಂಡರೆ ಮೂರ್ನಾಲ್ಕು ತಿಂಗಳು ಆರಾಮ. ಶಸ್ತ್ರಚಿಕಿತ್ಸೆಯಾದರೆ ಕಿವಿಯ ಹಿಂದೆ ಬುರುಡೆಯಲ್ಲಿ ಸಣ್ಣ ಕಿಂಡಿ ತೆರೆದು, ರಕ್ತನಾಳವನ್ನು ಸರಿಸಿ, ನಡುವೆ ಟೆಫ್ಲಾನ್ ತುಣುಕು ಇಡುತ್ತಾರೆ.

ಒತ್ತುತ್ತಿದ್ದ ನಾಳ ಸರಿಯಿತೋ ಇಲ್ಲವೋ ಎಂದು ಮುಖ ನೋಡಿ ಹೇಳಲಾಗದು, ರೋಗಿ ಅರಿವಳಿಕೆಯಲ್ಲಿರುತ್ತಾರೆ. ಅದಕ್ಕೇ ಈ ನ್ಯೂರೋಮಾನಿಟರಿಂಗ್, ಅಂದರೆ ಶಸ್ತ್ರಚಿಕಿತ್ಸೆ ನಡೆಯುವಾಗಲೇ ಯಂತ್ರದ ಮೂಲಕ ನರಗಳ ಮೇಲೆ ನಿಗಾ ಇಡುವುದು. ಮುಖದ ಸ್ನಾಯುಗಳಿಗೆ ಕೂದಲೆಳೆಯ ಸೂಜಿ ಎಲೆಕ್ಟ್ರೋಡ್ ಚುಚ್ಚಿ, ಏಳನೇ ನರದ ಕಣ್ಣಿನ ಕಡೆಯ ಕವಲಿಗೆ ಸಣ್ಣ ವಿದ್ಯುತ್ ಕೊಡುತ್ತಾರೆ. ಈ ಕಾಯಿಲೆಯಿದ್ದರೆ ಸುಮಾರು 10 ಮಿಲಿಸೆಕೆಂಡಿನಲ್ಲಿ ಗದ್ದದ ಸ್ನಾಯುವೂ ಮಿಡಿಯುತ್ತದೆ: ಅಡುಗೆಮನೆಯ ಸ್ವಿಚ್ ಒತ್ತಿದರೆ ಜಗಲಿಯ ದೀಪವೂ ಹೊತ್ತಿಕೊಂಡ ಹಾಗೆ. ಇದಕ್ಕೆ ಲ್ಯಾಟರಲ್ ಸ್ಪ್ರೆಡ್ ರೆಸ್ಪಾನ್ಸ್ ಎನ್ನುತ್ತಾರೆ. ನಾಳ ಸರಿಸಿದೊಡನೆ ಪರದೆಯ ಮೇಲಿನ ಆ ಅಲೆ ಮಲಗಿದರೆ ಶುಭಸೂಚನೆ. (ಸ್ನಾಯು ಸಡಿಲಿಸುವ ಔಷಧಿ ಹೆಚ್ಚಾದರೆ ಅಲೆಯೇ ಕಾಣದು. ಹಾಗಾಗಿ ಅರಿವಳಿಕೆ ವೈದ್ಯರ ಕೈಯೂ ಬಿಗಿ.)

ಆದರೆ ಇದನ್ನೇ ಕೊನೆಯ ಮಾತೆಂದುಕೊಳ್ಳಬಾರದು. ಮಿದುಳ ಪೊರೆ ಬಿಡಿಸಿ ದ್ರವ ಹರಿದ ಮಾತ್ರಕ್ಕೇ, ನಾಳ ಮುಟ್ಟುವ ಮೊದಲೇ ಅಲೆ ಮಾಯವಾಗುವುದುಂಟು. ಅಲೆ ಉಳಿದೂ ಸೆಳೆತ ವಾರ, ತಿಂಗಳುಗಳಲ್ಲಿ ತಾನೇ ನಿಂತವರೂ ಇದ್ದಾರೆ.

ನನ್ನ ಮಟ್ಟಿಗೆ ಹೆಚ್ಚು ಬೆಲೆಯದ್ದು ಕಿವಿಯ ನಿಗಾ. ಕೇಳುವ ಎಂಟನೇ ನರ ಏಳನೆಯದಕ್ಕೆ ಅಂಟಿಕೊಂಡೇ ಸಾಗುತ್ತದೆ. ದಾರಿ ಮಾಡಿಕೊಳ್ಳಲು ಕಿರುಮಿದುಳನ್ನು ಸ್ವಲ್ಪ ಹೆಚ್ಚು ಎಳೆದರೂ ಈ ಕೇಳುವ ನರಕ್ಕೆ ಪೆಟ್ಟು. ಕಿವಿಗೆ ಟಿಕ್ ಟಿಕ್ ಸದ್ದು ಬಿಡುತ್ತ ಮಿದುಳಕಾಂಡದ ಪ್ರತಿಕ್ರಿಯೆ ದಾಖಲಿಸುತ್ತಿರುತ್ತಾರೆ. ಪ್ರತಿ ಸದ್ದಿಗೆ ಪರದೆಯಲ್ಲಿ ಸಾಲಾಗಿ ಮೂಡುವ ಅಲೆಗಳಲ್ಲಿ ಐದನೆಯದು 1 ಮಿಲಿಸೆಕೆಂಡ್ ತಡವಾದರೆ, ಅಥವಾ ಅದರ ಎತ್ತರ ಅರ್ಧಕ್ಕಿಳಿದರೆ, ಮಾನಿಟರ್ ಮುಂದಿರುವವರು ಎಚ್ಚರಿಸುತ್ತಾರೆ. ಶಸ್ತ್ರವೈದ್ಯರು ಕೈ ನಿಲ್ಲಿಸಿ, ಎಳೆತ ಸಡಿಲಿಸಿ, ಅಲೆ ಮರಳುವವರೆಗೆ ಕಾಯುತ್ತಾರೆ.

ಕಾರವಾರದಿಂದಲೋ ಶಿರಸಿಯಿಂದಲೋ ಇಂಥ ಚಿಕಿತ್ಸೆಗೆ ಮಣಿಪಾಲ, ಮಂಗಳೂರಿನತ್ತ ಹೊರಟವರು ‘ಕಿವಿಯ ಮಾನಿಟರಿಂಗ್ ಇದೆಯೇ, ಅದನ್ನು ನೋಡಲು ಬೇರೆಯೇ ಒಬ್ಬರು ಕೂರುತ್ತಾರೆಯೇ’ ಎಂದು ಮೊದಲೇ ಕೇಳಿಕೊಳ್ಳಿ. ಶಸ್ತ್ರಚಿಕಿತ್ಸೆಗೆ ಮುಂಚಿನ ಶ್ರವಣ ಪರೀಕ್ಷೆಯ ಚೀಟಿಯನ್ನೂ ಎತ್ತಿಡಿ. ಆಮೇಲೆ ಕಿವಿ ಮಂದವೆನಿಸಿದರೆ ಹೋಲಿಸಲು ಅದು ಬೇಕು.