ಮೂರಡಿ ದೂರದ ಐವರು: ಬಾಹ್ಯಾಕಾಶ ಸೈನಿಕರಿಗೆ ಬಣ್ಣ ಹಚ್ಚುವವರಿಗೊಂದು ಟಿಪ್ಪಣಿ

ಹೋದ ದಸರೆಗೆ ಮೈಸೂರಿನ ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದಾಗ, ಮೆಟ್ಟಿಲ ಪಕ್ಕ ರಾಗಿ ಪೈರು ಬೆಳೆಸಿ ಮಾಡುವ ಪಾರ್ಕಿನಲ್ಲಿ ನನ್ನ ಐವರು ಬಾಹ್ಯಾಕಾಶ ಸೈನಿಕರಿಗೂ ಅಜ್ಜಿ ಜಾಗ ಕೊಟ್ಟರು. ಆಮೇಲೆ ಮೂರಡಿ ಹಿಂದೆ ಸರಿದು ನಿಂತು, "ಏನೋ ಇದು, ಹುಣಸೆಹಣ್ಣಿನ ಉಂಡೆ ಇಟ್ಟ ಹಾಗಿದೆಯಲ್ಲೋ! ತಲೆ ಯಾವುದು, ಬಂದೂಕ ಯಾವುದು?" ಅಂದರು. ಭೂತಗನ್ನಡಿ ಹಿಡಿದು ಬೆಲ್ಟಿನ ಬಕಲ್ಲಿಗೂ ಮೂರು ಬಣ್ಣ ಹಚ್ಚಿದ್ದೆ. ಸಿಟ್ಟು ಬಂತು. ಹಿಂದೆ ಸರಿದು ನಾನೂ ನೋಡಿದೆ. ಉಂಡೆಗಳೇ.

ಆ ದಿನದಿಂದ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಿಮ್ಮ ಹತ್ತಿರ 1987ರಲ್ಲಿ ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ತಂದ ವಾರ್‌ಹ್ಯಾಮರ್ 40,000 ಎಂಬ, ಮೇಜಿನ ಮೇಲೆ ಆಡುವ ಯುದ್ಧದಾಟದ ಗೊಂಬೆಗಳಿರಲಿ, ಬೇರೆ ಕಂಪನಿಯವಿರಲಿ, ವಿಷಯ ಒಂದೇ. ತುಕಡಿ ಎಂದರೆ ಐದು ಬಿಡಿ ಗೊಂಬೆಗಳಲ್ಲ, ಆಟದ ಮೇಜಿನ ಮೇಲೆ ಒಟ್ಟಿಗೆ ಕಾಣುವ ಒಂದೇ ವಸ್ತು. ಅದನ್ನು ನೋಡುವ ಕಣ್ಣು ಇರುವುದು ಮೂರಡಿ ಆಚೆ.

ನೆರಳನ್ನೂ ನಾವೇ ಬರೆಯಬೇಕು

ಈ ಗೊಂಬೆಗಳ ಅಳತೆ ಸುಮಾರು 28 ಮಿಲಿಮೀಟರ್. ಅಂದರೆ ಮನುಷ್ಯನನ್ನು ಹೆಚ್ಚುಕಡಿಮೆ 60ರಲ್ಲಿ ಒಂದು ಪಾಲಿಗೆ ಇಳಿಸಿದ ಹಾಗೆ. ಆಳೆತ್ತರದ ಶಿಲ್ಪದ ಮೇಲೆ ಬಿಸಿಲು ಬಿದ್ದರೆ ಕಂಕುಳಲ್ಲಿ, ಗಲ್ಲದ ಕೆಳಗೆ ನೆರಳು ತಾನಾಗಿಯೇ ಕಾಣುತ್ತದೆ. ಆಳು ಕುಗ್ಗಿದಷ್ಟೂ ನೆರಳೂ ಕುಗ್ಗಿ ಕೂದಲೆಳೆಯಷ್ಟಾಗುತ್ತದೆ, ಮೂರಡಿಯಿಂದ ಕಣ್ಣಿಗೆ ಸಿಗುವುದಿಲ್ಲ. ಎಲ್ಲ ಕಡೆ ಸಮನಾಗಿ ಬಣ್ಣ ಬಳಿದ ಗೊಂಬೆ ಉಂಡೆಯಂತೆ ಕಾಣುವುದಕ್ಕೆ ಇದೇ ಕಾರಣ. ಜಗನ್ಮೋಹನ ಅರಮನೆಯಲ್ಲಿ ಮೈಸೂರು ಶೈಲಿಯ ಚಿತ್ರಗಳನ್ನು ನೋಡಿದ್ದೀರಲ್ಲ? ಅಲ್ಲಿ ಚಪ್ಪಟೆ ಹಾಳೆಯ ಮೇಲೆ ಗೆಸ್ಸೋ ಎಂಬ ಮಂದ ಲೇಪ ಹಚ್ಚಿ, ಒಡವೆ ಅಂಚುಗಳನ್ನು ತುಸುವೇ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ನಮಗೆ ಉಬ್ಬುತಗ್ಗು ಅಚ್ಚಿನಲ್ಲೇ ಬಂದಿರುತ್ತದೆ. ಅದು ಇದೆ ಎಂದು ದೂರಕ್ಕೆ ತೋರಿಸುವ ಕೆಲಸವಷ್ಟೇ ನಮ್ಮದು.

ಇದಕ್ಕೆ ಸುಲಭದ ದಾರಿ ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚಿನ ಅಡಿಲೇಪದ ಹಂತದಲ್ಲೇ ಇದೆ. ಮೊದಲು ಇಡೀ ಗೊಂಬೆಗೆ ಕಪ್ಪು ಅಥವಾ ಕಡುಬೂದು ಪ್ರೈಮರ್. ಒಣಗಿದ ಮೇಲೆ ನೆತ್ತಿಯ ಕಡೆಯಿಂದ ಮಾತ್ರ, ಓರೆಯಾಗಿ, ತೆಳುವಾಗಿ ಬಿಳಿ ಸ್ಪ್ರೇ. ಬಿಸಿಲು ಬೀಳುವ ಕಡೆ ಬಿಳಿ, ಬೀಳದ ಕಡೆ ಕಪ್ಪು ಉಳಿಯುತ್ತದೆ. ಆಮೇಲೆ ಹಚ್ಚುವ ತೆಳು ಬಣ್ಣದ ಅಡಿಯಿಂದ ಈ ನಕ್ಷೆ ಇಣುಕುತ್ತಿರುತ್ತದೆ.

ಒಂದು ಎಚ್ಚರಿಕೆ: ಗಾಡಿಗೆ ಹೊಡೆಯುವ ಪ್ರೈಮರ್ ಅಗ್ಗ ನಿಜ, ಆದರೆ ಕೆಲವದರಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ. ಬಿಡಿಭಾಗ ಕತ್ತರಿಸಿದ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟಿನ ತುಂಡಿನ ಮೇಲೆ ಮೊದಲು ಹೊಡೆದು ನೋಡಿ. ಪ್ರೈಮರಿಗೂ ಮುಂಚೆ, ಅಚ್ಚಿನ ಎರಡು ಭಾಗ ಕೂಡುವ ಕಡೆ ಉಳಿದ ಸಣ್ಣ ಏಣನ್ನು ಚಾಕುವಿನ ಬೆನ್ನಿನಿಂದ ಹೆರೆದು ತೆಗೆಯಿರಿ. ಈ ಬೇಸರದ ಕೆಲಸ ಬಿಟ್ಟರೆ ಆಮೇಲೆ ನೆರಳಿಗೆ ವಾಶ್ ಎಂಬ ನೀರುಬಣ್ಣ ಹಾಕಿದಾಗ ಅದೇ ಗೆರೆ ಎದ್ದು ಕಂಡು ಹಂಗಿಸುತ್ತದೆ.

ಹದ

ಬಾಟಲಿಯಿಂದ ತೆಗೆದ ಅಕ್ರಿಲಿಕ್ ಬಣ್ಣ ದೋಸೆ ಹಿಟ್ಟಿನ ಹದದಲ್ಲಿರುತ್ತದೆ. ಹಾಗೇ ಹಚ್ಚಿದರೆ ತೋಡಿನಲ್ಲಿ ತುಂಬಿಕೊಂಡು, ಶಿಲ್ಪಿ ಕೊರೆದದ್ದನ್ನೆಲ್ಲ ಮುಚ್ಚುತ್ತದೆ. ನೀರು ಬೆರೆಸಿ ಹಾಲಿನ ಹದಕ್ಕೆ ತನ್ನಿ. ಮೊದಲ ಕೋಟು ಕಲೆಕಲೆಯಾಗಿ ಕಾಣುತ್ತದೆ. ಕಾಣಲಿ. ಒಣಗಿದ ಮೇಲೆ ಎರಡನೆಯದು. ಇಲ್ಲಿ ತಾಳ್ಮೆ ತಪ್ಪಿ ಅರ್ಧ ಒಣಗಿದ ಬಣ್ಣದ ಮೇಲೆ ಮತ್ತೆ ಕುಂಚ ಆಡಿಸಿದರೆ ಕೆಳಗಿನ ಪದರ ಕಿತ್ತು ಬರುತ್ತದೆ. ಐವರು ಇರುವುದು ಇದಕ್ಕೇ ಒಳ್ಳೆಯದು: ಐದನೆಯವನಿಗೆ ಹಚ್ಚಿ ಮುಗಿಸುವಷ್ಟರಲ್ಲಿ ಮೊದಲನೆಯವನು ಒಣಗಿರುತ್ತಾನೆ. ಹಳೆಯ ಔಷಧಿ ಬಾಟಲಿಗಳ ಮೇಲೆ ಐವರನ್ನೂ ಅಂಟಿಸಿ ಸಾಲಾಗಿ ನಿಲ್ಲಿಸಿ, ಎಲ್ಲರಿಗೂ ಒಂದೇ ಬಣ್ಣ ಮುಗಿಸಿ ಮುಂದಿನದಕ್ಕೆ ಹೋಗಿ. ಹತ್ತು ಜನರನ್ನು ಒಟ್ಟಿಗೆ ಹಿಡಿದರೆ ಏಳನೆಯ ಭುಜದ ಹೊತ್ತಿಗೆ ಈ ಹವ್ಯಾಸವೇ ಬೇಡ ಅನ್ನಿಸುತ್ತದೆ, ನನ್ನ ಅನುಭವ.

ಏಪ್ರಿಲಿನ ಒಣ ಸೆಕೆಯಲ್ಲಿ ಬಣ್ಣ ತಟ್ಟೆಯಲ್ಲೇ ಗಟ್ಟಿಯಾಗುತ್ತದೆ. ಊಟದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಸಿ, ಮೇಲೆ ಬೇಕಿಂಗ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಕಲಸಿ. ಮುಚ್ಚಳ ಹಾಕಿಟ್ಟರೆ ಮರುದಿನಕ್ಕೂ ಸಿಗುತ್ತದೆ. ನೀರು ಬದಲಾಯಿಸದೆ ವಾರ ಬಿಟ್ಟರೆ ಮುಗ್ಗಲು ವಾಸನೆ ಬರುತ್ತದೆ, ಅಮ್ಮ ಕೇಳುತ್ತಾರೆ.

ಕುಂಚದ ವಿಚಾರದಲ್ಲಿ ಎಲ್ಲರೂ ಮಾಡುವ ತಪ್ಪು, ಸಣ್ಣ ಕೆಲಸಕ್ಕೆ ಅತಿ ಸಣ್ಣ ಕುಂಚ ಕೊಳ್ಳುವುದು. ಮೂರು ಸೊನ್ನೆಯ ಕುಂಚದಲ್ಲಿ ಬಣ್ಣ ನಿಲ್ಲುವುದೇ ಒಂದು ತೊಟ್ಟು. ಅದು ಗೊಂಬೆ ಮುಟ್ಟುವ ಮೊದಲೇ ತುದಿಯಲ್ಲಿ ಒಣಗುತ್ತದೆ. ಮೊನೆ ಚೂಪಾಗಿರುವ 1ನೇ ನಂಬರು ಸಾಕು. ಕುಂಚದ ಕೂದಲಿನ ಅರ್ಧ ಉದ್ದಕ್ಕಿಂತ ಹೆಚ್ಚು ಬಣ್ಣದಲ್ಲಿ ಅದ್ದಬೇಡಿ. ಲೋಹದ ಕಟ್ಟಿನೊಳಗೆ ಬಣ್ಣ ಸೇರಿ ಒಣಗಿದರೆ ಮೊನೆ ಕವಲೊಡೆಯುತ್ತದೆ.

ಅರಿಶಿನದ ಕಷ್ಟ

ನನ್ನ ತುಕಡಿಗೆ ಅರಿಶಿನ-ಕುಂಕುಮದ ಬಣ್ಣ ಇರಲಿ ಎಂದುಕೊಂಡೆ. ಮೈಕವಚ ಹಳದಿ, ಭುಜ ಕೆಂಪು. ಹಳದಿಗೆ ಅಡಿಯದನ್ನು ಮುಚ್ಚುವ ಶಕ್ತಿ ಕಡಿಮೆ ಎಂದು ಆಗ ಗೊತ್ತಿರಲಿಲ್ಲ. ಕಪ್ಪಿನ ಮೇಲೆ ಹಚ್ಚಿದರೆ ಅದು ಪಾಚಿ ಹಸಿರಿಗೆ ತಿರುಗುತ್ತದೆ. ಐದು ಕೋಟು ಹಚ್ಚಿ ಗೊಂಬೆಯ ಮುಖವೇ ಮುಚ್ಚಿಹೋದ ಮೇಲೆ ಸರಿದಾರಿ ಸಿಕ್ಕಿತು: ಹಳದಿಯ ಅಡಿಗೆ ತಿಳಿಗುಲಾಬಿ ಅಥವಾ ಕಾವಿ ಮಿಶ್ರಿತ ಕಂದು ಹಚ್ಚಿ, ಅದರ ಮೇಲೆ ಎರಡು ಮೂರು ತೆಳು ಕೋಟು ಹಳದಿ.

ನೆರಳಿಗೂ ಕಪ್ಪು ಬೇಡ. ಹಳದಿಯ ಮೇಲೆ ಕಪ್ಪು ವಾಶ್ ಹೊಡೆದರೆ ಮತ್ತೆ ಅದೇ ಪಾಚಿ. ಆರತಿ ತಟ್ಟೆಯ ಓಕುಳಿ ನೆನಪಿಸಿಕೊಳ್ಳಿ. ಅರಿಶಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪಾಗುತ್ತದಲ್ಲ? ಹಳದಿಯ ನೆರಳು ಹೋಗಬೇಕಾದ ದಿಕ್ಕು ಅದೇ, ಕೆಂಗಂದು.

ವಾಶ್ ಎಂದರೆ ತಿಳಿಸಾರಿನ ಹದದ ಬಣ್ಣ. ತೆಳುವಾಗಿರುವುದರಿಂದ ಉಬ್ಬಿನ ಮೇಲಿಂದ ಜಾರಿ, ಮೂಲೆ ತೋಡುಗಳಿಗೆ ತಾನೇ ಎಳೆದುಕೊಂಡು ನಿಲ್ಲುತ್ತದೆ. ಬಟ್ಟೆಯ ನೆರಿಗೆ, ಕೂದಲು, ಕೊಳವೆಗಳ ಮೇಲೆ ಪವಾಡ. ಆದರೆ ನಮ್ಮ ಸೈನಿಕರ ಕವಚ ಅಗಲವಾಗಿ ನುಣುಪಾಗಿರುತ್ತದೆ. ಅಲ್ಲಿ ಇಡೀ ಮೈಗೆ ಸುರಿದರೆ ಚಹಾ ಲೋಟ ಇಟ್ಟ ಮೇಜಿನ ಹಾಗೆ ವೃತ್ತಾಕಾರದ ಕಲೆ ಉಳಿಯುತ್ತದೆ. ಕುಂಚದ ಮೊನೆಯಿಂದ ಕವಚದ ತಟ್ಟೆಗಳ ಸಂದಿಗೆ ಮಾತ್ರ ಮುಟ್ಟಿಸಿ. ಹೆಚ್ಚಾದದ್ದನ್ನು ತಕ್ಷಣ ಒದ್ದೆ ಕುಂಚದಿಂದ ಹೀರಿಬಿಡಿ.

ಕೊನೆಗೆ ಅಂಚು. ಮೈಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಹಳದಿ ತೆಗೆದುಕೊಂಡು, ಮೊನೆಯಿಂದಲ್ಲ, ಕುಂಚದ ಮಗ್ಗುಲಿನಿಂದ ಕವಚದ ಅಂಚಿಗೆ ಸವರಿ. ಅಂಚೇ ಕುಂಚಕ್ಕೆ ದಾರಿ ತೋರಿಸುತ್ತದೆ, ಕೈ ನಡುಗಿದರೂ ಗೆರೆ ನೇರ ಬರುತ್ತದೆ. ಹೆಲ್ಮೆಟ್ಟು, ಭುಜ, ಬಂದೂಕದ ಮೇಲಂಚು ಇಷ್ಟಕ್ಕೇ ಮಾಡಿದರೂ ಆಯಿತು, ಮೊಣಕಾಲಿನ ಹಿಂದೆ ಯಾರೂ ನೋಡುವುದಿಲ್ಲ. ಹೆಲ್ಮೆಟ್ಟಿನ ಗಾಜುಗಣ್ಣಿಗೆ ಮೇಲುಗಡೆ ಕಡುಗೆಂಪು, ಕೆಳಮೂಲೆಯಲ್ಲಿ ತಿಳಿಗೆಂಪು, ಕಡು ಭಾಗದಲ್ಲಿ ಒಂದು ಬಿಳಿ ಚುಕ್ಕೆ.

ಪಾದದ ಕೆಳಗಿನ ಬಿಲ್ಲೆಗೆ ಫೆವಿಕಾಲ್ ಬಳಿದು ನಮ್ಮ ಕೆಂಪು ಮಣ್ಣನ್ನೇ ಒಣಗಿಸಿ, ಜರಡಿ ಹಿಡಿದು ಉದುರಿಸಿದೆ. ಮಂಗಳ ಗ್ರಹಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ನಿಜವಾದ ಮಣ್ಣಿಗೂ ಬಣ್ಣ ಬೇಕು, ಇಲ್ಲದಿದ್ದರೆ ಬರೀ ಕೊಳೆಯಂತೆ ಕಾಣುತ್ತದೆ. ಹಳೆಯ ಕುಂಚಕ್ಕೆ ತಿಳಿಗಂದು ಹಿಡಿಸಿ, ಬಟ್ಟೆಗೆ ಪೂರ್ತಿ ಒರೆಸಿ, ಉಳಿದ ಪುಡಿಯಷ್ಟನ್ನು ಮೇಲೆ ಸವರಿ.

ಕೊನೆಯಲ್ಲಿ ಬಣ್ಣ ಕಾಯುವ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹೊಡೆಯಲು ಜುಲೈನ ಜಿಟಿಜಿಟಿ ಮಳೆಯಲ್ಲಿ ತಾರಸಿಗೆ ಹೋಗಬೇಡಿ. ನಾನು ಹೋಗಿದ್ದೆ. ತೇವಕ್ಕೆ ಐವರ ಮೇಲೂ ಬೂಷ್ಟು ಹಿಡಿದ ಹಾಗೆ ಬಿಳಿ ಪೊರೆ ಬಂತು. ಒಣ ದಿನ ನೋಡಿ ಮೇಲೆ ಹೊಳಪಿನ ವಾರ್ನಿಷ್ ಒಂದು ಕೋಟು ಹಚ್ಚಿದ ಮೇಲೆ ಬಹುಪಾಲು ಹೋಯಿತು, ಮೂರನೆಯವನ ಬೆನ್ನ ಮೇಲೆ ಮಾತ್ರ ಇನ್ನೂ ಇದೆ.

ಮೊನ್ನೆ ಹೊಸ ಐವರನ್ನು ಊಟದ ಮೇಜಿನ ಮೇಲಿಟ್ಟು ಅಜ್ಜಿಯನ್ನು ಮೂರಡಿ ಆಚೆ ನಿಲ್ಲಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇವತ್ತು ತಲೆ ಕಾಣುತ್ತೆ. ಆ ಕೊನೆಯವನ ಬಂದೂಕ ಯಾಕೋ ಸೊಟ್ಟಗಿದೆ?" ಸೊಟ್ಟಗೇ ಇದೆ. ಪ್ಲಾಸ್ಟಿಕ್ ಸಿಮೆಂಟು ಎರಡು ತುಂಡನ್ನೂ ಕರಗಿಸಿ ಒಂದು ಮಾಡುತ್ತದೆ, ಈಗ ಎಳೆದರೆ ಕೈಯೇ ಮುರಿದು ಬರುತ್ತದೆ. ಅವನನ್ನು ಸಾಲಿನ ಹಿಂದಕ್ಕೆ ಸರಿಸಿಟ್ಟೆ.